ನಮ್ಮ ಮಾವನಿಗೆ ಇಮಾನದ ಹುಚ್ಚು

ನಾಳೆಗೆ ನಮ್ಮ ಮಾವ ತೀರಿಕೊಂಡು ಒಂದು ವರ್ಷ. ಮಾವ ಅಂದ್ರೆ ನನ್ನ ಗಂಡನ ಅಪ್ಪ. ಈ ಗೋಡೆ ಮೇಲೆ ಎಷ್ಟೋ ಜನ ಹೋರಾಟಗಾರರಿಗೆ ನುಡಿನಮನ ಬರೆದಿದೀನಿ. ಮನೆಯವರ ಬಗ್ಗೆ ಬರೀತಿರೋದು ಇದೇ ಮೊದಲು. ಅವರು ನಾಯಕರಲ್ಲ, ಮೈಕ್ ಹಿಡಿದವರಲ್ಲ, ಸಹಿ ಹಾಕೋದು ಬಿಟ್ಟು ಬೇರೆ ಅಕ್ಷರ ಬರ್ತಿರಲಿಲ್ಲ. ಅವರಿಗೆ ಇದ್ದಿದ್ದು ಒಂದೇ ಹುಚ್ಚು. ವಿಮಾನ. ಅವರ ಬಾಯಲ್ಲಿ "ಇಮಾನ". ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ ನಮ್ಮ ಮಾವನದ್ದು. ಆಧಾರ್ ಕಾರ್ಡಲ್ಲಿ ಹುಟ್ಟಿದ ದಿನ 1955ರ ಜನವರಿ 1 ಅಂತ ಇದೆ. ನಮ್ಮ ಕೇರಿಗಳಲ್ಲಿ ಆ ವಯಸ್ಸಿನ ಎಷ್ಟೋ ಜನ ಜನವರಿ ಒಂದಕ್ಕೇ ಹುಟ್ಟಿದವರು, ನಿಮಗೂ ಗೊತ್ತು. ಎಂಟೋ ಒಂಬತ್ತೋ ವರ್ಷಕ್ಕೆ ಊರಿನ ದೊಡ್ಡ ಮನೆಗೆ ಜೀತಕ್ಕೆ ಸೇರಿಸಿದ್ರು. ಅವರಪ್ಪ ಮಾಡಿದ್ದ ಸಾಲಕ್ಕೆ. ಕೆಲಸ ದನ ಕಾಯೋದು, ಸಗಣಿ ಬಾಚೋದು. ಊಟ ಕೊಟ್ಟಿಗೆ ಪಕ್ಕ, ಎತ್ತಿ ಹಾಕಿದ ಮುದ್ದೆ.

ಆಗ ಆ ಕಡೆ ಆಕಾಶದಲ್ಲಿ ಸಣ್ಣ ವಿಮಾನಗಳು ಓಡಾಡ್ತಿದ್ವು. ಜಕ್ಕೂರಲ್ಲಿ 1940ರ ದಶಕದ ಕೊನೆಯಿಂದಲೇ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇತ್ತು. ಆಮೇಲೆ ಯಲಹಂಕದಲ್ಲಿ ವಾಯುಪಡೆ ನೆಲೆ ಬಂತು. ಕಲಿಯೋ ಹುಡುಗರು ಹಾರಿಸೋ ವಿಮಾನ ಕೆರೆ ಮೇಲಿಂದ ಸುತ್ತು ಹಾಕ್ಕೊಂಡು ಹೋಗ್ತಿದ್ವಂತೆ. ಒಂದು ದಿನ ಮಾವ ಕೆರೆ ಏರಿ ಮೇಲೆ ನಿಂತು ಮ್ಯಾಲೆ ನೋಡ್ತಾ ಮೈಮರೆತಿದಾರೆ. ದನ ರಾಗಿ ಹೊಲಕ್ಕೆ ನುಗ್ಗಿದಾವೆ. ಧಣಿ ಬಂದವನೇ ಕಪಾಳಕ್ಕೆ ಬಿಗಿದ. "ನಿಮ್ಮಂಥವರಿಗೆ ಇಮಾನ ಯಾಕಲೇ, ನೆಲ ನೋಡ್ಕೊಂಡು ದನ ಕಾಯಿ" ಅಂದನಂತೆ. ಆವತ್ತಿಂದ ಎಡಗಿವಿ ಸರಿಯಾಗಿ ಕೇಳಿಸಲಿಲ್ಲ. ಸಾಯೋವರೆಗೂ.

ಈ ಕತೆನ ಅವರು ಅಳ್ತಾ ಹೇಳಿದ್ದು ನಾನು ನೋಡಿಲ್ಲ. ನಗ್ತಾನೇ ಹೇಳೋರು. ಕೊನೆಗೆ ಒಂದು ಮಾತು ಸೇರಿಸೋರು: "ಏಟು ಬಿದ್ದಿದ್ದು ದನ ಮೇಯ್ದಿದ್ದಕ್ಕಲ್ಲ ಕಣಮ್ಮ. ತಲೆ ಎತ್ತಿ ನೋಡಿದ್ದಕ್ಕೆ."

1975-76ರಲ್ಲಿ ಜೀತ ರದ್ದಾಯ್ತು. ಮಾವ ಹೊರಗೆ ಬಂದ್ರು. ಆಮೇಲೆ ಸರ್ಕಾರದಿಂದ ಒಂದೂವರೆ ಎಕರೆ ಜಮೀನು ಮಂಜೂರಾಯ್ತು. ರಾಗಿ ಬಿತ್ತಿದ್ರು, ಹಿಪ್ಪುನೇರಳೆ ಹಾಕಿದ್ರು, ಉಳಿದ ದಿನ ಗಾರೆ ಕೆಲಸಕ್ಕೆ ಹೋದ್ರು. ವಿಮಾನದ ಹುಚ್ಚು ಮಾತ್ರ ಹೋಗಲಿಲ್ಲ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯೋ ವರ್ಷ ಟಿಕೆಟ್ ತಗೊಳ್ಳೋ ಶಕ್ತಿ ಇರ್ತಿರಲಿಲ್ಲ. ಬೇಲಿ ಆಚೆ ರಸ್ತೆ ಪಕ್ಕ ನಿಂತು, ಬುತ್ತಿ ಕಟ್ಕೊಂಡು ಹೋಗಿ ನೋಡೋರು. ಅವತ್ತಿನ ಕೂಲಿ ಹೋದ್ರೆ ಹೋಯ್ತು. ಅತ್ತೆ ಬೈದು ಬೈದು ಸುಸ್ತಾಗಿದ್ರು.

ಆಮೇಲೆ ವಿಮಾನ ನಿಲ್ದಾಣವೇ ಅವರ ಮನೆ ಬಾಗಿಲಿಗೆ ಬಂತು. ಸುಮಾರು 4,000 ಎಕರೆ. ಕಾಂಕ್ರೀಟ್ ಕೆಲಸಕ್ಕೆ ಮಾವನೂ ಹೋದ್ರು. 2008ರ ಮೇ 24ರಂದು ಅಲ್ಲಿಂದ ವಿಮಾನಗಳ ಓಡಾಟ ಶುರುವಾಯ್ತು. ಮುಂದೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಒಳಗಡೆ ಹುಲ್ಲು ಕತ್ತರಿಸೋ ಕೆಲಸ ಸಿಕ್ತು. ರನ್‌ವೇ ಅಕ್ಕಪಕ್ಕ ಹುಲ್ಲನ್ನ ಒಂದು ಅಳತೆಗೆ ಇಟ್ಟಿರಬೇಕು, ಇಲ್ಲಾಂದ್ರೆ ಹಕ್ಕಿಗಳು ಸೇರ್ಕೋತವೆ, ಹಕ್ಕಿ ಎಂಜಿನ್‌ಗೆ ಸಿಕ್ಕಿದ್ರೆ ವಿಮಾನಕ್ಕೇ ಅಪಾಯ ಅಂತ ನನಗೆ ಹೇಳ್ಕೊಟ್ಟಿದ್ದು ಅವರೇ. ಸಂಬಳ ಹೇಳ್ಕೊಳ್ಳೋ ಹಾಗೆ ಇರಲಿಲ್ಲ. ಆದ್ರೂ ಡ್ಯೂಟಿ ಮುಗಿಸಿ ಬಂದಾಗ ಮುಖ ನೋಡಬೇಕಿತ್ತು. ಹಬ್ಬ ಮಾಡ್ಕೊಂಡು ಬಂದ ಹಾಗೆ.

ಅಕ್ಷರ ಬಾರದ ಮನುಷ್ಯ ಅಲ್ಲಿ ಏನೇನು ಕಲಿತಿದ್ರು ಗೊತ್ತಾ? ರನ್‌ವೇ ತುದಿಯಲ್ಲಿ 09, 27 ಅಂತ ಬರೆದಿರ್ತಾರೆ. ಅದು ದಿಕ್ಸೂಚಿಯ ಡಿಗ್ರಿ, ಕೊನೇ ಸೊನ್ನೆ ಬಿಟ್ಟು ಬರೀತಾರೆ, 09 ಅಂದ್ರೆ ಮೂಡಲಿಗೆ, 27 ಅಂದ್ರೆ ಪಡುವಲಿಗೆ ಅಂತ ಹೇಳೋರು. ಉಳಿದಿದ್ದ ಒಂದೇ ಕಿವಿಯಲ್ಲಿ ಸದ್ದು ಕೇಳಿ ವಿಮಾನ ಗುರುತು ಹಿಡಿಯೋರು. "ನಿಂತಾಗ ನಾಯಿ ಬೊಗಳ್ದಂಗೆ ಸದ್ದು ಮಾಡ್ತದಲ್ಲ, ಅದು ಏರ್‌ಬಸ್ಸು. ಫ್ಯಾನ್ ಇರೋದು ಎಟಿಆರ್ರು." ನಾನು ಬಿ.ಎ. ಮಾಡಿ ಆಫೀಸಲ್ಲಿ ಫೈಲ್ ನೋಡೋಳು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತಿಳ್ಕೊಳ್ಳೋ ಆಸೆನೂ ಇರಲಿಲ್ಲ.

ಅರವತ್ತು ದಾಟ್ತು ಅಂತ ಗುತ್ತಿಗೆದಾರ ಒಂದು ದಿನ ಗೇಟ್ ಪಾಸ್ ವಾಪಸ್ ಇಸ್ಕೊಂಡ. ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ. ಕಾಗದ ಕೇಳೋಣ ಅಂದ್ರೆ ಅಷ್ಟರಲ್ಲಿ ಗುತ್ತಿಗೆನೇ ಬೇರೆಯವರಿಗೆ ಹೋಗಿತ್ತು. ನಾನು ಅರ್ಜಿ ಬರೆದೆ, ಅಲೆದೆ, ಏನೂ ಆಗಲಿಲ್ಲ. ಮಾವನಿಗೆ ದುಡ್ಡಿಗಿಂತ ಪಾಸ್ ಹೋಗಿದ್ದೇ ದುಃಖ.

ಈಗ ನನ್ನ ತಪ್ಪಿಗೆ ಬರ್ತೀನಿ.

ಸಭೆ, ಧರಣಿ, ದೌರ್ಜನ್ಯ ನಡೆದ ಊರಿಗೆ ಹೋಗಿ ಬರೋದು, ರಾತ್ರಿ ಕೂತು ಮನವಿ ಪತ್ರ ಬರೆಯೋದು, ಇದು ನನ್ನ ಜೀವನ. ಮನೇಲಿ ಮಾವ ಟಿವಿಯಲ್ಲಿ ವಿಮಾನ ಬಂತು ಅಂತ ಕರೆದ್ರೆ ನನಗೆ ಸಿಟ್ಟು ಬರ್ತಿತ್ತು. ನಮ್ಮ ಜನ ಮಲದ ಗುಂಡಿಯಲ್ಲಿ ಇಳಿದು ಸಾಯ್ತಾ ಇರುವಾಗ ಇವರಿಗೆ ವಿಮಾನದ ಚಿಂತೆ ಅಂತ. ಒಂದು ಸಲ ಬಾಯಿಬಿಟ್ಟು ಅಂದೂ ಬಿಟ್ಟಿದ್ದೆ. ಮಾವ ತಿರುಗಿಸಿ ಏನೂ ಅನ್ನಲಿಲ್ಲ. "ನೀನು ಹೇಳೋದು ಸರಿನೇ ಕಣಮ್ಮ" ಅಂದು ಎದ್ದು ಹೋದ್ರು. ಒಂದು ವಾರ ಟಿವಿ ಹಾಕಲಿಲ್ಲ.

ಆ ಕೊರಗು ನನಗಿತ್ತು. ಅದಕ್ಕೇ 2018ರಲ್ಲಿ ಚೀಟಿ ದುಡ್ಡು ಬಂದಾಗ ಅಕ್ಟೋಬರ್‌ಗೆ ಎರಡು ಟಿಕೆಟ್ ಮಾಡಿಸಿದೆ. ಬೆಂಗಳೂರಿಂದ ನಾಗಪುರಕ್ಕೆ. ದೀಕ್ಷಾಭೂಮಿಗೆ. ಅತ್ತೆ "ನನಗೆ ನೆಲವೇ ಸಾಕು" ಅಂದ್ರು. ಹೋಗೋದು ವಿಮಾನ, ಬರೋದು ಸಂಘಮಿತ್ರ ಎಕ್ಸ್‌ಪ್ರೆಸ್. ಎರಡೂ ಕಡೆಗೆ ವಿಮಾನ ಅಂದ್ರೆ ನನ್ನ ಸಂಬಳಕ್ಕೆ ಆಗ್ತಿರಲಿಲ್ಲ.

ವಿಷಯ ಗೊತ್ತಾಗಿ ನಮ್ಮದೇ ಸಂಗಾತಿಯೊಬ್ಬರು ಚಹಾ ಅಂಗಡಿಯಲ್ಲಿ ಎಲ್ಲರ ಮುಂದೆ ಅಂದ್ರು: "ಏನಮ್ಮಾ, ಬಡವರು ರೈಲಲ್ಲಿ ನಿಂತ್ಕೊಂಡು ನಾಗಪುರಕ್ಕೆ ಹೋಗ್ತಾರೆ, ನೀವು ಫ್ಲೈಟಾ?" ನಾನು ಬಾಯಿ ಮುಚ್ಕೊಂಡು ಬಂದೆ. ಆ ಪ್ರಶ್ನೆ ನನ್ನೊಳಗೂ ಇತ್ತಲ್ಲ. ಇವತ್ತು ಉತ್ತರ ಹೇಳ್ತೀನಿ. ಬಾಬಾಸಾಹೇಬರು ಸೂಟು ಬೂಟು ಹಾಕಿದ್ದು ಯಾಕೆ ಅಂತ ನಾವೇ ವೇದಿಕೆ ಮೇಲೆ ವಿವರಿಸ್ತೀವಿ. ಯಾವುದನ್ನ ನಮಗೆ ನಿಷೇಧ ಮಾಡಿದ್ರೋ ಅದನ್ನ ತಲೆ ಎತ್ತಿ ಹಾಕಿಕೊಂಡ್ರು ಅಂತೀವಿ. ಅದೇ ಮಾತು ನಮ್ಮ ಮಾವನ ವಿಷಯಕ್ಕೆ ಯಾಕೆ ಬರಲಿಲ್ಲ? 1956ರ ಡಿಸೆಂಬರ್ 6ರ ರಾತ್ರಿ ಬಾಬಾಸಾಹೇಬರ ದೇಹ ದೆಹಲಿಯಿಂದ ಮುಂಬೈಗೆ ಬಂದಿದ್ದು ವಿಮಾನದಲ್ಲೇ. ಅವರ ಮಕ್ಕಳು ಬದುಕಿರುವಾಗಲೇ ಒಂದು ಸಲ ಹತ್ತಿದ್ರೆ ತಪ್ಪೇನು?

ಏರ್‌ಪೋರ್ಟ್ ಬಾಗಿಲಲ್ಲಿ ಮಾವನ ಕೈ ನಡುಗ್ತಿತ್ತು. ಆ ಬಾಗಿಲಿಂದ ಅವರು ಯಾವತ್ತೂ ಒಳಗೆ ಹೋದವರಲ್ಲ. ಕೆಲಸದವರ ಗೇಟೇ ಬೇರೆ. ಬಿಳಿ ಅಂಗಿ, ಬಿಳಿ ಪಂಚೆ, ಜೇಬಲ್ಲಿ ಬಾಬಾಸಾಹೇಬರ ಬ್ಯಾಡ್ಜ್. ಕಿಟಕಿ ಸೀಟು ಅವರಿಗೇ. ವಿಮಾನ ರನ್‌ವೇಗೆ ತಿರುಗಿದಾಗ ಹೊರಗಡೆ ಹುಲ್ಲು ಕಾಣಿಸ್ತು. "ಯಾರೋ ಚೆನ್ನಾಗಿ ಕುಯ್ದವ್ರೆ" ಅಂದ್ರು. ಅಷ್ಟೇ ಮಾತು. ನೆಲ ಬಿಟ್ಟ ಕ್ಷಣ ನಾನು ಕಣ್ಣು ಮುಚ್ಕೊಂಡಿದ್ದೆ, ತೆರೆದು ನೋಡಿದ್ರೆ ಮಾವ ಅಳ್ತಾ ಇದ್ರು. ಸದ್ದಿಲ್ಲದೆ.

ಮೋಡದ ಮೇಲೆ ಹೋದಾಗ ವಿಮಾನದ ನೆರಳು ಕೆಳಗಿನ ಮೋಡದ ಮೇಲೆ ಬಿದ್ದಿತ್ತು, ಅದರ ಸುತ್ತ ಬಣ್ಣದ ಉಂಗುರ. ಕಾಮನಬಿಲ್ಲು ಪೂರ್ತಿ ದುಂಡಗೆ. ಮುಂದಿನ ಸೀಟಲ್ಲಿದ್ದ ಒಂದು ಮಗುಗೆ ಬೆರಳು ಮಾಡಿ ತೋರಿಸಿದ್ರು. ಕೊನೆಗೆ ಇಳಿಯೋ ಹೊತ್ತಿಗೆ ಹಳ್ಳಿಗಳು ಕಾಣಿಸೋಕೆ ಶುರುವಾದ್ವು. ನಾನು ಭಾಷಣ ಮಾಡಿ ಅಭ್ಯಾಸ ಇರೋಳು, "ನೋಡಿ ಮಾವ, ಮೇಲಿಂದ ನೋಡಿದ್ರೆ ಜಾತಿನೇ ಕಾಣಲ್ಲ" ಅಂದೆ.

ಮಾವ ಗಾಜಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನೋಡಿದ್ರು. "ಕಾಣ್ತದೆ ಕಣಮ್ಮ" ಅಂದ್ರು. "ಅಗೋ, ಊರು ಅಲ್ಲೈತೆ. ಗುಡಿ, ದೊಡ್ಡ ಮರ, ದೊಡ್ಡ ದೊಡ್ಡ ಮನೆ. ಹೊಲ ದಾಟಿ ಈ ಕಡೆ ಒಂದೇ ಅಳತೆ ಮನೆಗಳು ಒತ್ತೊತ್ತಾಗಿ ಐತಲ್ಲ, ಅದು ನಮ್ಮೋರ ಕೇರಿ. ಸರ್ಕಾರ ಕಟ್ಟಿಸಿರೋದು." ಆಮೇಲೆ ಅಂದ್ರು: "ಮೋಡದ ಮ್ಯಾಲೆ ಇರೋಗಂಟ ಮಾತ್ರ ಕಾಣಲ್ಲ. ಇಳಿಯೋ ಹೊತ್ತಿಗೆ ಮೊದಲು ಕಾಣೋದು ಅದೇ."

ಹತ್ತಾರು ವಿಚಾರ ಸಂಕಿರಣಗಳಲ್ಲಿ ಕೂತಿದ್ದೀನಿ. ಇಷ್ಟು ನೇರವಾಗಿ ನನ್ನ ಭಾಷಣದ ಗಾಳಿ ತೆಗೆದವರು ಇನ್ನೊಬ್ಬರಿಲ್ಲ. ವಿಮಾನ ಇಳಿದ ಮೇಲೆ ಹೊರಗೆ ಬಂದು ನಿಲ್ದಾಣದ ಹೆಸರು ಓದಿ ಹೇಳಿದೆ: ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಮಾವ ಚಪ್ಪಲಿ ಬಿಟ್ಟು ಕೈ ಮುಗಿದ್ರು. ಅಲ್ಲಿದ್ದ ಸೆಕ್ಯುರಿಟಿ ಹುಡುಗ "ಜೈ ಭೀಮ್ ಬಾಬಾ" ಅಂದ.

ಇಷ್ಟು ವಿಮಾನ ಪ್ರೀತಿಸೋ ಮನುಷ್ಯನ ಜಮೀನಿಗೇ 2022ರಲ್ಲಿ ನೋಟಿಸ್ ಬಂತು. ಏರೋಸ್ಪೇಸ್ ಪಾರ್ಕ್ ಮಾಡ್ತೀವಿ, ಜಾಗ ಬೇಕು ಅಂತ. 13 ಹಳ್ಳಿಗಳ 1,777 ಎಕರೆ. ಅದರಲ್ಲಿ ಮಾವನ ಒಂದೂವರೆ ಎಕರೆನೂ ಇತ್ತು. ಊರಲ್ಲಿ ತಮಾಷೆ ಮಾಡಿದವರು ಇದ್ರು: "ನಿನಗೆ ಇಮಾನ ಅಂದ್ರೆ ಪ್ರಾಣ ಅಲ್ವಾ, ಕೊಟ್ಬಿಡು." ಮಾವ ಧರಣಿಗೆ ಹೋಗಿ ಕೂತ್ರು. ಸಾವಿರ ದಿನ ದಾಟಿದ ಆ ಧರಣಿಗೆ ಮೈಯಲ್ಲಿ ಶಕ್ತಿ ಇರೋ ತನಕ ಹೋದ್ರು. ತಲೆ ಮೇಲೆ ಏರ್‌ಬಸ್ ಹೋದ್ರೆ ಘೋಷಣೆ ಮಧ್ಯೆನೇ ತಲೆ ಎತ್ತಿ ನೋಡೋರು, ಮತ್ತೆ ಕೈ ಎತ್ತಿ ಧಿಕ್ಕಾರ ಕೂಗೋರು.

ನನಗೆ ಅದು ವಿರೋಧಾಭಾಸ ಅನ್ನಿಸ್ತಿತ್ತು. ಕೇಳಿದೆ. "ಇಮಾನ ಇರೋದು ಆಕಾಸದಾಗೆ. ಅದ್ನ ನೋಡಕ್ಕೆ ನನ್ನ ಹೊಲ ಯಾಕ್ ಬೇಕು?" ಅಂದ್ರು. ಇನ್ನೊಂದು ದಿನ, ಧರಣಿಗೆ ಜನ ಕಡಿಮೆಯಾಗಿ ಹುಡುಗರು ಸಪ್ಪಗೆ ಕೂತಿದ್ದಾಗ ಅಂದ್ರಂತೆ: "ಇಮಾನ ಗಾಳಿಗೆ ಎದುರಾಗೇ ಏಳೋದು ಕಣ್ರೋ. ಹಿಂದಿನ ಗಾಳಿಗೆ ಏಳಕ್ಕೆ ಅದಕ್ಕೂ ಕಷ್ಟ." ಅದು ನೀತಿಪಾಠ ಅಲ್ಲ. ಹುಲ್ಲು ಕುಯ್ಯುವಾಗ ಗಾಳಿ ದಿಕ್ಕು ಬದಲಾದ್ರೆ ರನ್‌ವೇ ದಿಕ್ಕೂ ಬದಲಾಯಿಸೋದನ್ನ ಕಣ್ಣಾರೆ ನೋಡಿದ್ದ ಮನುಷ್ಯ, ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರು.

ಕೊನೆಯ ತಪ್ಪು ಇನ್ನೂ ದೊಡ್ಡದು. ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, "ಅಮ್ಮ, ನಾನು ಪೈಲಟ್ ಆಗ್ತೀನಿ" ಅಂದಳು. ತಾತನ ತೊಡೆ ಮೇಲೆ ಕೂತು ಬೆಳೆದವಳು, ಇನ್ನೇನು ಹೇಳ್ತಾಳೆ? ನಾನು ಅಂದೆ: "ನಮ್ಮಂಥವರಿಗೆ ಅದೆಲ್ಲ ಯಾಕೆ? ಕಾಮರ್ಸ್ ತಗೋ, ಬ್ಯಾಂಕ್ ಪರೀಕ್ಷೆ ಕಟ್ಟು."

ಮಾವ ಊಟಕ್ಕೆ ಕೂತಿದ್ದವರು ತಟ್ಟೆ ಸರಿಸಿದ್ರು. "ಅರವತ್ತು ವರ್ಸದ ಹಿಂದೆ ಇದೇ ಮಾತು ಕೇಳಿ ಕಿವಿ ಕಳ್ಕೊಂಡೆ. ಈಗ ನನ್ನ ಮನೇಲೇ ಕೇಳ್ಬೇಕಾ?" ನನ್ನ ಜೊತೆ ಅವರು ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ. ನಾನು ನಿಂತಲ್ಲೇ ನಿಂತೆ. "ನಿಮ್ಮಂಥವರಿಗೆ ಯಾಕೆ" ಅನ್ನೋದು ಧಣಿಯ ಮಾತು. ಅದನ್ನ "ನಮ್ಮಂಥವರಿಗೆ ಯಾಕೆ" ಅಂತ ಮಾಡ್ಕೊಂಡು ನಾನೇ ನನ್ನ ಮಗಳಿಗೆ ದಾಟಿಸ್ತಾ ಇದ್ದೆ. ಸಭೆಗಳಲ್ಲಿ ಮನುವಾದದ ಬಗ್ಗೆ ಮಾತಾಡೋಳು ನಾನು.

ಮಗಳು ವಿಜ್ಞಾನ ತಗೊಂಡಳು. ಈಗ ಎರಡನೇ ಪಿಯುಸಿ. ಆಗಿಂದ ನಾನೂ ವಿಚಾರಿಸ್ತಾ ಇದೀನಿ. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಮೊದಲನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. 200 ಗಂಟೆ ಹಾರಿಸಿರಬೇಕು. ಈ 200 ಗಂಟೆಯಲ್ಲೇ ಇರೋದು ಮರ್ಮ. ಒಂದೊಂದು ಗಂಟೆಗೂ ದುಡ್ಡು. ಎಲ್ಲ ಸೇರಿ ಅರ್ಧ ಕೋಟಿ ದಾಟುತ್ತೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅಲ್ಲಿ ಸೀಟಿಗೆ ಮೀಸಲಾತಿಯೂ ಇದೆ. ಫೀಸು ಮಾತ್ರ ಹತ್ತಾರು ಲಕ್ಷ. ಜೀತಗಾರನ ಮೊಮ್ಮಗಳು, ಗುಮಾಸ್ತೆಯ ಮಗಳು ಎಲ್ಲಿಂದ ತರಬೇಕು? ದುಡ್ಡಿಲ್ಲದೆ ಹಾರೋ ದಾರಿ ಅಂದ್ರೆ ಎನ್‌ಡಿಎ. 2022ರಿಂದ ಹೆಣ್ಣುಮಕ್ಕಳನ್ನೂ ಸೇರಿಸ್ಕೊಳ್ತಿದಾರೆ, ಖರ್ಚು ಸರ್ಕಾರದ್ದೇ, ಆದ್ರೆ ಅಲ್ಲಿ ನಮಗೆ ಮೀಸಲಾತಿ ಇಲ್ಲ. ಮಗಳು ಸದ್ಯ ಅದಕ್ಕೇ ಓದ್ತಿದಾಳೆ.

ಸರಿ, ಹೇಗೋ ಲೈಸೆನ್ಸ್ ಸಿಕ್ತು ಅಂದ್ಕೊಳ್ಳಿ. ಕೆಲಸ? ಏರ್ ಇಂಡಿಯಾ ಸರ್ಕಾರದ ಕೈಯಲ್ಲಿದ್ದಾಗ ನೇಮಕಾತಿಗೆ ಮೀಸಲಾತಿ ಅನ್ವಯ ಆಗ್ತಿತ್ತು. 2022ರ ಜನವರಿ 27ಕ್ಕೆ ಅದು ಟಾಟಾ ಸಮೂಹದ ಪಾಲಾಯ್ತು. ಆ ಬಾಗಿಲೂ ಮುಚ್ತು. ಒಳಗೆ ಹೋದವರ ಪಾಡಾದ್ರೂ ಏನು? 2025ರ ಜೂನ್‌ನಲ್ಲಿ ಒಂದು ಖಾಸಗಿ ವಿಮಾನ ಕಂಪನಿಯ ನಮ್ಮ ಸಮುದಾಯದ ತರಬೇತಿ ಪೈಲಟ್ ಬೆಂಗಳೂರಿನಲ್ಲಿ ದೂರು ಕೊಟ್ಟರು. "ನೀನು ವಿಮಾನ ಹಾರಿಸೋಕೆ ಲಾಯಕ್ಕಲ್ಲ, ಹೋಗಿ ಚಪ್ಪಲಿ ಹೊಲಿ" ಅಂತ ಮೇಲಧಿಕಾರಿಗಳು ಅಂದ್ರು ಅನ್ನೋದು ದೂರು. ಕಂಪನಿ ಆರೋಪ ನಿರಾಕರಿಸಿದೆ, ಕಾನೂನು ತನ್ನ ಕೆಲಸ ಮಾಡಲಿ. ಆದ್ರೆ ಆ ಸುದ್ದಿ ಓದಿದಾಗ ನನಗೆ ಕೆರೆ ಏರಿ ಮೇಲೆ ನಿಂತ ಹುಡುಗನ ಕಪಾಳವೇ ಕಣ್ಣಮುಂದೆ ಬಂತು.

ಸಂಗಾತಿಗಳೇ, ನಮ್ಮ ಬೇಡಿಕೆ ಪಟ್ಟಿಗಳನ್ನ ಒಂದು ಸಲ ತೆಗೆದು ನೋಡಿ. ಭೂಮಿ, ಮನೆ, ಸ್ಮಶಾನ, ಹಾಸ್ಟೆಲ್, ಬ್ಯಾಕ್‌ಲಾಗ್. ಒಂದೂ ಬಿಡೋ ಹಾಗಿಲ್ಲ. ಆದ್ರೆ ಅಲ್ಲಿ ಆಕಾಶ ಇಲ್ಲ. ಹಸಿವಿಗೆ ಸಂಬಂಧ ಇಲ್ಲದ ಆಸೆ ಇದ್ರೆ ಅದು ನಮ್ಮದಲ್ಲ, ಮೇಲಿನವರದ್ದು ಅಂತ ನಾವೇ ಒಪ್ಕೊಂಡ ಹಾಗಿದೆ. ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಕಲಿಯೋ ಪರಿಶಿಷ್ಟ ಮಕ್ಕಳ ಪೂರ್ತಿ ಖರ್ಚು ಸರ್ಕಾರ ಕೊಡಲಿ, ಹಾರಾಟದ ಗಂಟೆಗಳೂ ಸೇರಿ. ಖಾಸಗಿ ರಂಗದ ಮೀಸಲಾತಿ ಬಗ್ಗೆ ಮಾತಾಡುವಾಗ ವಿಮಾನ ಕಂಪನಿಗಳನ್ನೂ ಸೇರಿಸೋಣ. ವಿಮಾನ ನಿಲ್ದಾಣಗಳಲ್ಲಿ ಹುಲ್ಲು ಕುಯ್ಯೋರು, ಶೌಚಾಲಯ ತೊಳೆಯೋರು, ಲಗೇಜ್ ಎತ್ತೋರು ಯಾರ ಮಕ್ಕಳು, ಅವರ ಪಿ.ಎಫ್. ಎಲ್ಲಿ ಹೋಯ್ತು ಅಂತ ಕೇಳೋಣ. ಎಲ್ಲಕ್ಕಿಂತ ಮೊದಲು ನಮ್ಮ ಹಾಸ್ಟೆಲ್ ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಹೇಳ್ಕೊಡೋರು ಬೇಕು. ಹೆದರಿ ಆ ವಿಷಯ ಬಿಟ್ಟ ದಿನವೇ ಕಾಕ್‌ಪಿಟ್ ಬಾಗಿಲು ಮುಚ್ಚಿರುತ್ತೆ. ಅದು ಮುಚ್ಚಿದ್ದು ಆ ಮಗುಗೆ ಗೊತ್ತೂ ಆಗಿರಲ್ಲ.

ಕಳೆದ ವರ್ಷ ಫೆಬ್ರವರಿ 10ರಿಂದ 14ರವರೆಗೆ ಏರೋ ಇಂಡಿಯಾ. ಮಾವ ಮಂಚ ಹಿಡಿದಿದ್ರು. ಯುದ್ಧವಿಮಾನಗಳು ಗುಡುಗ್ತಾ ಹೋಗೋವು. ಪ್ರದರ್ಶನದ ಹೊತ್ತಲ್ಲಿ ನಮ್ಮ ಏರ್‌ಪೋರ್ಟ್ ವಿಮಾನ ನಿಲ್ಲಿಸ್ತಾರೆ. ಅದನ್ನ ಗಮನಿಸಿ, "ನಮ್ ಇಮಾನ ಯಾಕೆ ಬರ್ತಿಲ್ಲ?" ಅಂತ ಕೇಳಿದ್ರು. ಹೇಳಿದೆ. ಮಂಚವನ್ನ ಅಂಗಳಕ್ಕೆ ಹಾಕಿಸ್ಕೊಂಡ್ರು, ಬಲಗಿವಿ ಮೇಲಕ್ಕೆ ಬರೋ ಹಾಗೆ ಮಗ್ಗುಲು ತಿರುಗಿ ಮಲಗಿದ್ರು. ಆ ವಾರವೇ ಹೋದ್ರು. ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿದ್ದು ನೋಡಲಿಲ್ಲ. ಆವತ್ತು ಅತ್ತೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತಂದು ಫೋಟೋ ಮುಂದೆ ಇಟ್ರು.

ಅವರ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ನಾಗಪುರದ ಬೋರ್ಡಿಂಗ್ ಪಾಸ್ ಇತ್ತು. ಆರು ವರ್ಷಕ್ಕೂ ಹೆಚ್ಚು ಜೋಪಾನ ಮಾಡಿದಾರೆ. ತೆಗೆದು ನೋಡಿದ್ರೆ ಪೂರ್ತಿ ಬಿಳಿ. ಶಾಖದಲ್ಲಿ ಅಚ್ಚಾಗೋ ಕಾಗದ, ಅಕ್ಷರ ನಿಲ್ಲಲ್ಲ. ಹೆಸರು, ಸೀಟು, ತಾರೀಕು, ಯಾವುದೂ ಇಲ್ಲ. ಮೊದಲಿಂದಲೂ ಓದೋಕೆ ಬರ್ತಿರಲಿಲ್ಲ, ಹಾಗಾಗಿ ಅವರಿಗೆ ಅಳಿಸಿ ಹೋಗಿದ್ದೂ ಬೇಸರ ಆಗಿರಲಿಕ್ಕಿಲ್ಲ. ಈಗ ಅದು ಮಗಳ ಭೌತಶಾಸ್ತ್ರ ಪುಸ್ತಕದಲ್ಲಿದೆ.

ನಾಳೆ ಮನೆಯಲ್ಲಿ ಬುದ್ಧವಂದನೆ. ಬರೋರು ಬನ್ನಿ, ಮುದ್ದೆ, ಸೊಪ್ಪಿನ ಸಾರು ಇರುತ್ತೆ. ಸಂಜೆ ಏರ್‌ಪೋರ್ಟ್ ಬೇಲಿ ಪಕ್ಕದ ರಸ್ತೆಗೆ ಹೋಗ್ತೀವಿ, ಮಾವ ನಿಂತು ನೋಡ್ತಿದ್ದ ಜಾಗಕ್ಕೆ. ನಿಮ್ಮ ಮನೆಯಲ್ಲೂ ಮಕ್ಕಳು ಯಾವುದೋ ಆಗದ ಹೋಗದ ಆಸೆ ಹೇಳಬಹುದು. ಉತ್ತರ ಕೊಡೋ ಮುಂಚೆ, ಬಾಯಲ್ಲಿರೋ ಮಾತು ನಿಮ್ಮದೋ ಧಣಿಯದ್ದೋ ಅಂತ ಒಂದು ಗಳಿಗೆ ನೋಡ್ಕೊಳ್ಳಿ.

ಜೈ ಭೀಮ್.